ಫೋಟೋ ಇರಲಿ, ಬೋರ್ಡ್ ಇಳಿಸಿ

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಇದ್ದೇವೆ. ಆಗಸ್ಟ್ 15ಕ್ಕೆಂದು ಕ್ಲಬ್‌ಹೌಸ್ ಗೋಡೆಗೆ ‘ಸ್ವಾತಂತ್ರ್ಯಕ್ಕಾಗಿ ಹೋರಾಡಿದ ನಮ್ಮ ಹಿರಿಯರು’ ಅಂತ ಬೋರ್ಡ್ ಹಾಕಿ, ಇಲ್ಲಿನ ಮನೆಗಳಲ್ಲಿದ್ದ ಸೈನಿಕರ ಫೋಟೋ ತೂಗುಹಾಕಿದ್ದಾರೆ. ನಾನೂ ತಾತನ ಫೋಟೋ ಕೊಟ್ಟೆ. ಅವರು ಬ್ರಿಟಿಷ್ ಇಂಡಿಯನ್ ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನವರು. 1944ರಲ್ಲಿ ಬರ್ಮಾ ಗಡಿಯಲ್ಲಿದ್ದರು. ಪಕ್ಕದ ಬ್ಲಾಕಿನ ಹಿರಿಯರೊಬ್ಬರ ಚಿಕ್ಕಪ್ಪ ಸಿಂಗಪುರದಲ್ಲಿ ಜಪಾನಿಯರಿಗೆ ಸೆರೆಸಿಕ್ಕು, ಆಮೇಲೆ ಬ್ರಿಟಿಷರ ವಿರುದ್ಧ ಹೋರಾಡಿದ ನೇತಾಜಿಯವರ ಆಜಾದ್ ಹಿಂದ್ ಫೌಜ್ ಸೇರಿದವರು. “ಬ್ರಿಟಿಷರ ಸಂಬಳ ತಿಂದವರು ನನ್ನ ಚಿಕ್ಕಪ್ಪನ ಪಕ್ಕ ಇರಬಾರದು” ಎಂದು ಅವರು ಎಲ್ಲರ ಮುಂದೆ ಅಂದುಬಿಟ್ಟರು. ಕಮಿಟಿಯವರು “ಸುಮ್ನೆ ಇಳಿಸಿಬಿಡಿ ಮೇಡಂ, ಗಲಾಟೆ ಬೇಡ” ಅನ್ನುತ್ತಾರೆ. ನನ್ನ ಅಮ್ಮನಿಗೆ 79. ದಿನಾ ಸಂಜೆ ಹೋಗಿ ಆ ಫೋಟೋ ಎದುರು ಕೂತು ಬರುತ್ತಾರೆ. ಅವರಿಗೆ ಇದ್ಯಾವುದೂ ಗೊತ್ತಿಲ್ಲ. ಮಗ ಬೇರೆ, “ಮುತ್ತಾತ ತಪ್ಪು ಕಡೆ ಇದ್ರಾ ಅಮ್ಮಾ?” ಎಂದು ಕೇಳಿದ. ಏನು ಮಾಡಲಿ?

ಉತ್ತರ: ಫೋಟೋ ಇಳಿಸಬೇಡಿ. ಆದರೆ ಆ ಬೋರ್ಡ್ ಬದಲಾಗಬೇಕು ಎಂದು ಮೊದಲು ಹೇಳುವವರು ನೀವೇ ಆಗಿ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಜಗಳ ಹುಟ್ಟಿದ್ದು ತಾತನಿಂದಲ್ಲ, ಗೋಡೆಯ ಮೇಲಿನ ಆ ಒಂದು ಸಾಲಿನಿಂದ. ತಾತ ಸ್ವಾತಂತ್ರ್ಯಕ್ಕಾಗಿ ಬರ್ಮಾಕ್ಕೆ ಹೋದವರಲ್ಲ. ಅದನ್ನು ಒಪ್ಪಿಕೊಳ್ಳುವುದರಲ್ಲಿ ಅವರಿಗೆ ಅವಮಾನವೇನೂ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಬ್ರಿಟಿಷ್ ಇಂಡಿಯನ್ ಸೇನೆಯಲ್ಲಿದ್ದರು. ಕಡ್ಡಾಯ ಭರ್ತಿ ಇರಲಿಲ್ಲ, ನಿಜ. ಆದರೆ ಹೊಟ್ಟೆಪಾಡಿಗೆ ಸೇರಿದವರೇ ಎಷ್ಟೋ ಜನ. ತಿಂಗಳಾದರೆ ಊರಿಗೆ ಮನಿ ಆರ್ಡರ್ ಬರುತ್ತದೆ ಅನ್ನುವುದು ಆ ಕಾಲದ ಬಡ ಮನೆಗೆ ದೊಡ್ಡ ಮಾತು. ನಿಮ್ಮ ತಾತ ಯಾಕೆ ಸೇರಿದರು? ಅಮ್ಮನನ್ನು ಕೇಳಿದ್ದೀರಾ? ಇವತ್ತೇ ಕೇಳಿ.

ಈಗ ಆ ಹಿರಿಯರ ವಿಷಯ. ಅವರ ಮಾತು ಒರಟಾಗಿತ್ತು. ಹಾಗೆ ಎಲ್ಲರ ಮುಂದೆ ಅನ್ನಬಾರದಿತ್ತು. ಆದರೂ ಅವರ ಮನೆಯ ನೋವು ಸಣ್ಣದಲ್ಲ. ಸಿಂಗಪುರ ಬಿದ್ದದ್ದು 1942ರ ಫೆಬ್ರವರಿ 15ರಂದು. ಅಲ್ಲಿ ಸೆರೆಸಿಕ್ಕ ಸಾವಿರಾರು ಭಾರತೀಯ ಸಿಪಾಯಿಗಳು ಮುಂದೆ ಆಜಾದ್ ಹಿಂದ್ ಫೌಜ್ ಸೇರಿದರು. ಯುದ್ಧ ಮುಗಿದಾಗ ಬ್ರಿಟಿಷರು ಅವರನ್ನು ದ್ರೋಹಿಗಳೆಂದರು. ಕೆಂಪು ಕೋಟೆಯಲ್ಲಿ ಅವರ ಅಧಿಕಾರಿಗಳ ವಿಚಾರಣೆ ನಡೆಯಿತು. ಸ್ವಾತಂತ್ರ್ಯ ಬಂದ ಮೇಲೂ ಅವರನ್ನು ಸೇನೆಗೆ ವಾಪಸ್ ತೆಗೆದುಕೊಳ್ಳಲಿಲ್ಲ. ಸ್ವಾತಂತ್ರ್ಯ ಯೋಧರ ಪಿಂಚಣಿ ಯೋಜನೆ ಬಂದದ್ದು 1972ರಲ್ಲಿ. ಅಷ್ಟು ವರ್ಷ ‘ನಮ್ಮವನು ದ್ರೋಹಿಯಲ್ಲ’ ಎಂದು ಹೇಳಿಕೊಂಡೇ ಬಂದ ಮನೆಯವರು ಕ್ಲಬ್‌ಹೌಸ್‌ನಲ್ಲಿ ಆ ಬೋರ್ಡ್ ಓದಿದಾಗ ಏನನ್ನಿಸಿರಬಹುದು, ಯೋಚಿಸಿ.

ಇನ್ನೊಂದು ಮಾತು ನೀವೇ ಬರೆದಿದ್ದೀರಿ, ಗಮನಿಸಿದಿರಾ? ಅವರ ಚಿಕ್ಕಪ್ಪ ಸೆರೆಸಿಕ್ಕದ್ದು ಸಿಂಗಪುರದಲ್ಲಿ. ಅಂದರೆ 1942ರ ಆರಂಭದವರೆಗೆ ಅವರೂ ಅದೇ ಬ್ರಿಟಿಷ್ ಇಂಡಿಯನ್ ಸೇನೆಯ ಸಿಪಾಯಿಯೇ ಇರಬೇಕು. ಅದೇ ಸಂಬಳ, ಅದೇ ಸಮವಸ್ತ್ರ. ಇದನ್ನು ಅವರ ಮುಖಕ್ಕೆ ಹೊಡೆದ ಹಾಗೆ ಹೇಳಬೇಡಿ, ದಯವಿಟ್ಟು. ಅವರ ಬಾಯಿಂದಲೇ ಕಥೆ ಕೇಳಿದರೆ ಆ ಮಾತು ತಾನಾಗಿ ಬರುತ್ತದೆ.

ಒಂದೇ ಮನೆಯಲ್ಲಿ ಎರಡೂ ಕಡೆಯವರು ಇದ್ದದ್ದುಂಟು. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಬರ್ಮಾದಲ್ಲಿ ಜಪಾನಿಯರ ವಿರುದ್ಧ ಹೋರಾಡಿದರು. ಅವರ ಅಣ್ಣ ಪೊನ್ನಪ್ಪ ಆಜಾದ್ ಹಿಂದ್ ಫೌಜ್‌ನಲ್ಲಿದ್ದರು. ಒಬ್ಬ ತಾಯಿಯ ಮಕ್ಕಳು! ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ ಈಗ ಮ್ಯೂಸಿಯಂ ಆಗಿದೆ. ರಜೆಯಲ್ಲಿ ಮಗನನ್ನು ಕರೆದುಕೊಂಡು ಹೋಗಿ. ಅವನ ಪ್ರಶ್ನೆಗೆ ‘ಹೌದು’, ‘ಇಲ್ಲ’ ಎಂದು ಒಂದೇ ಮಾತಿನ ಉತ್ತರ ಕೊಡಬೇಡಿ. ಆಳುತ್ತಿದ್ದವರು ಪರಕೀಯರು, ಅದು ಅನ್ಯಾಯ. ಅವರ ಸೇನೆಯಲ್ಲಿ ಮುತ್ತಾತ ದುಡಿದರು. ಬರ್ಮಾದ ಮಳೆಯಲ್ಲಿ, ಮಲೇರಿಯಾದ ನಡುವೆ ಸ್ಯಾಪರ್ಸ್ ದಾರಿ ಮಾಡಿದರು, ಸೇತುವೆ ಕಟ್ಟಿದರು. ಎಲ್ಲವನ್ನೂ ಹೇಳಿ. ಮಕ್ಕಳು ಅಷ್ಟನ್ನು ತಾಳಿಕೊಳ್ಳುತ್ತಾರೆ.

ಕಮಿಟಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದಕ್ಷರವೂ ಬರೆಯಬೇಡಿ. ಅಲ್ಲಿ ಶುರುವಾದ ಮಾತು ಮುಗಿಯುವುದೇ ಇಲ್ಲ. ಅಮ್ಮನಿಗೆ ನಡೆದದ್ದನ್ನು ಮೊದಲೇ ತಿಳಿಸಿ, ಬೇರೆಯವರ ಬಾಯಿಂದ ಕಿವಿಗೆ ಬಿದ್ದರೆ ಜಾಸ್ತಿ ನೋವಾಗುತ್ತದೆ. ಆಮೇಲೆ ಒಂದು ಸಂಜೆ ಅವರ ಜೊತೆ ಆ ಹಿರಿಯರ ಮನೆಗೆ ಹೋಗಿ. “ನಿಮ್ಮ ಚಿಕ್ಕಪ್ಪನವರ ಬಗ್ಗೆ ಹೇಳಿ ಸರ್” ಎಂದು ಕೂತುಕೊಳ್ಳಿ. ತಾತನ ಮಾತು ಅಮ್ಮನೇ ಆಡಲಿ. ಅವರ ಪಾಲಿಗೆ ಅದು ಸಿಪಾಯಿಯ ಫೋಟೋ ಅಲ್ಲ, ಅಪ್ಪನ ಫೋಟೋ ಅಲ್ವಾ?

ಬೋರ್ಡಿಗೆ ‘ನಮ್ಮ ಮನೆಗಳ ಸೈನಿಕರು’ ಎಂದಿದ್ದರೆ ಸಾಕು. ಪ್ರತಿ ಫೋಟೋದ ಕೆಳಗೆ ಹೆಸರು, ಊರು, ಯಾವ ಸೇನೆ, ಎಲ್ಲಿ, ಯಾವ ವರ್ಷ, ಅಷ್ಟೇ ಬರಲಿ. ‘ವೀರ’, ‘ಧೀರ’ ಯಾರಿಗೂ ಬೇಡ. ಅವರ ಚಿಕ್ಕಪ್ಪನ ಹೆಸರಿನ ಕೆಳಗೆ ಎರಡೂ ಸೇನೆಗಳ ಹೆಸರು ಬರೆಸಬೇಕೋ ಬೇಡವೋ, ಅದನ್ನು ಅವರೇ ತೀರ್ಮಾನಿಸಲಿ. ಇಷ್ಟಾದ ಮೇಲೂ ಅವರು ಒಪ್ಪದಿದ್ದರೆ ಎರಡು ಫೋಟೋಗಳ ನಡುವೆ ಜಾಗ ಬಿಡಿಸಿ. ಇಳಿಸುವ ಮಾತಿಗೆ ಮಾತ್ರ ಒಪ್ಪಬೇಡಿ.

ಗೋಡೆಗೆ ಕೊಟ್ಟದ್ದು ಮೂಲ ಫೋಟೋ ತಾನೇ? ಹಾಗಿದ್ದರೆ ವಾಪಸ್ ತಂದುಬಿಡಿ. ಬಿಸಿಲು ಬಿದ್ದರೆ ಹಳೇ ಫೋಟೋ ಬೇಗ ಮಾಸುತ್ತದೆ. ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿಸಿ, ಪ್ರಿಂಟ್ ತೆಗೆಸಿ ಅಲ್ಲಿ ಹಾಕಿ. ಮೂಲದ ಹಿಂದೆ ಅಮ್ಮ ಹೇಳಿದ ಹಾಗೆ ಹೆಸರು, ಊರು, ಇಸವಿ ಬರೆದಿಡಿ. ಪೆನ್ಸಿಲಿನಲ್ಲಿ, ಒತ್ತದೆ ಬರೆಯಿರಿ.