ಪ್ರತಿಕ್ರಿಯೆ: ಬ್ಲ್ಯಾಕ್‌ಬೆರಿ ಜಾಮಿಗೆ ಸೇಬು ಏಕೆ?

1940–50ರ ದಶಕದ ಬ್ರಿಟಿಷ್ ಮನೆಗಳಲ್ಲಿ ಬ್ಲ್ಯಾಕ್‌ಬೆರಿ ಜಾಮಿಗೆ ಸೇಬನ್ನು ಸೇರಿಸುತ್ತಿದ್ದುದು ಬಡತನದಿಂದಲೇ ಎಂದು ತಾವು ಕೇಳಿದ್ದೀರಿ. ಭಾಗಶಃ ಹೌದು, ಆದರೆ ಮುಖ್ಯ ಕಾರಣ ಬೇರೆ. ಚೆನ್ನಾಗಿ ಕಳಿತ ಬ್ಲ್ಯಾಕ್‌ಬೆರಿಯಲ್ಲಿ ಜಾಮನ್ನು ಗಟ್ಟಿಗೊಳಿಸುವ ಪೆಕ್ಟಿನ್ ಕಡಿಮೆ. ಹುಳಿಸೇಬಿನಲ್ಲಿ ಅದು ಧಾರಾಳವಾಗಿರುವುದರಿಂದ, ಅದೇ ಋತುವಿನಲ್ಲಿ ಹಿತ್ತಲಲ್ಲಿ ಉದುರುತ್ತಿದ್ದ ಸೇಬು ಜಾಮಿನ ಹದವನ್ನೂ ಪ್ರಮಾಣವನ್ನೂ ಒಟ್ಟಿಗೇ ಕಾಯುತ್ತಿತ್ತು.

ನಿಜವಾದ ಕೊರತೆ ಇದ್ದುದು ಸಕ್ಕರೆಗೆ. 1940ರ ಜನವರಿಯಲ್ಲಿ ಆರಂಭವಾದ ಸಕ್ಕರೆಯ ಪಡಿತರ 1953ರ ಸೆಪ್ಟೆಂಬರ್‌ವರೆಗೂ ಮುಂದುವರಿಯಿತು. ಒಬ್ಬರಿಗೆ ವಾರಕ್ಕೆ ಸಾಮಾನ್ಯವಾಗಿ ಎಂಟು ಔನ್ಸ್, ಅಂದರೆ ಸುಮಾರು 227 ಗ್ರಾಂ. ಬೇಲಿಸಾಲಿನಲ್ಲಿ ತಾನಾಗಿ ಬೆಳೆಯುವ ಬ್ಲ್ಯಾಕ್‌ಬೆರಿ ಪುಕ್ಕಟೆ ಸಿಕ್ಕರೂ ಅದನ್ನು ಚಳಿಗಾಲಕ್ಕೆ ಉಳಿಸಿಕೊಳ್ಳುವುದು ಸಲೀಸಾಗಿರಲಿಲ್ಲ. ಆದ್ದರಿಂದಲೇ ಯುದ್ಧಕಾಲದಲ್ಲಿ ಸರ್ಕಾರವು ವಿಮೆನ್ಸ್ ಇನ್‌ಸ್ಟಿಟ್ಯೂಟ್ ಎಂಬ ಗ್ರಾಮೀಣ ಮಹಿಳಾ ಸಂಘಟನೆಯ ಹಣ್ಣು ಸಂಸ್ಕರಣಾ ಕೇಂದ್ರಗಳಿಗೆ ಪ್ರತ್ಯೇಕವಾಗಿ ಸಕ್ಕರೆಯನ್ನು ಒದಗಿಸಿತು.

ಹಾಗೆಂದು ಇದನ್ನು ಬರೀ ಅಭಾವದ ಕಥೆಯಾಗಿ ಓದುವುದು ತಪ್ಪೆಂದು ನನ್ನ ಅಭಿಪ್ರಾಯ. ಎಟುಕದ ಕೊಂಬೆಯನ್ನು ಊರುಗೋಲಿನ ಕೊಕ್ಕೆಯಿಂದ ಎಳೆದು, ಕೈಗೆ ಮುಳ್ಳು ಚುಚ್ಚಿಸಿಕೊಂಡು, ಬುಟ್ಟಿಗಿಂತ ಬಾಯಿಗೇ ಹೆಚ್ಚು ಹಾಕಿಕೊಳ್ಳುವುದು ಮಕ್ಕಳಿಗೆ ಹಬ್ಬವೇ ಆಗಿತ್ತು. ಮೈಕೆಲ್ಮಸ್ ಎಂಬ ಕ್ರೈಸ್ತ ಹಬ್ಬ, ಅಂದರೆ ಸೆಪ್ಟೆಂಬರ್ 29, ಕಳೆದ ಮೇಲೆ ಸೈತಾನನು ಹಣ್ಣಿನ ಮೇಲೆ ಉಗುಳುತ್ತಾನೆಂಬ ನಂಬಿಕೆಯೂ ಇತ್ತು. ಅಕ್ಟೋಬರ್‌ನ ಥಂಡಿಗೆ ಹಣ್ಣು ನೀರಾಗಿ ಬೂಸ್ಟು ಹಿಡಿಯುವುದರಿಂದ, ಸೈತಾನನ ಹೊರತಾಗಿಯೂ ಆ ಎಚ್ಚರಿಕೆ ಸರಿಯಾದದ್ದೇ.