ಬ್ರಿಟನ್‌ಗೆ ಹೊಸಬರು ಗಾಸ್‌ಹಾಕ್ ಮರಿ ತರುವ ಮುಂಚೆ

ನೀವು ಕೇಳಿದ್ದು ಮೂರು: ಬ್ರಿಟನ್‌ನಲ್ಲಿ ಬೇಟೆಗೆ ಗಿಡುಗ ಸಾಕಲು ಲೈಸೆನ್ಸ್ ಬೇಕೇ, ಕೆಲಸಕ್ಕೆಂದು ಬಂದು ಬಾಡಿಗೆ ಮನೆಯಲ್ಲಿರುವವರಿಗೆ ಗಾಸ್‌ಹಾಕ್ ಎಂಬ ಬೇಟೆಗಿಡುಗ ಆಗಿಬರುತ್ತದೆಯೇ, ಬರುವುದಾದರೆ ಎಂಥ ಮರಿ ತರಬೇಕು. ಮೊದಲನೆಯದು ಕಾಗದಪತ್ರದ ವಿಷಯ. ಎರಡನೆಯದಕ್ಕೆ ನಿಮ್ಮ ಆಫೀಸಿನ ವೇಳಾಪಟ್ಟಿಯೇ ಉತ್ತರ ಹೇಳುತ್ತದೆ. ಮೂರನೆಯದರಲ್ಲಿ ಎಡವಿದರೆ ಹಕ್ಕಿ ಬದುಕಿರುವಷ್ಟು ಕಾಲವೂ ಅದರ ಫಲ ಉಣ್ಣಬೇಕು, ಹಾಗಾಗಿ ಅದರ ಬಗ್ಗೆ ಹೆಚ್ಚು ಬರೆಯುತ್ತೇನೆ.

ನಮ್ಮ ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಗಿಡುಗ ಸಾಕಿ ಬೇಟೆಯಾಡುವುದು ಹವ್ಯಾಸವಾಗಿ ಉಳಿದಿಲ್ಲ. ಇಲ್ಲಿ ಬ್ರಿಟನ್‌ನಲ್ಲಿ ಫಾಲ್ಕನ್ರಿಗೆಂದು, ಅಂದರೆ ಗಿಡುಗದ ಬೇಟೆಗೆಂದು, ಪ್ರತ್ಯೇಕ ಲೈಸೆನ್ಸ್ ಬೇಡ, ಪರೀಕ್ಷೆಯೂ ಕಡ್ಡಾಯವಲ್ಲ. ಆದರೆ ಕಾಡಿನ ಗೂಡಿಗೆ ಕೈ ಹಾಕುವಂತಿಲ್ಲ. ಸಾಕುಗೂಡಿನಲ್ಲಿ ಹುಟ್ಟಿದ ಮರಿಯನ್ನೇ ಕೊಳ್ಳಬೇಕು. ಗಾಸ್‌ಹಾಕ್ 1981ರ ವೈಲ್ಡ್‌ಲೈಫ್ ಅಂಡ್ ಕಂಟ್ರಿಸೈಡ್ ಕಾಯ್ದೆಯ ನಾಲ್ಕನೇ ಷೆಡ್ಯೂಲಿನಲ್ಲಿದೆ. ಅಂದರೆ ಕಾಲಿಗೆ ಸಂಖ್ಯೆಯಿರುವ ಗುರುತಿನ ಬಳೆ ಇರಬೇಕು, ಹಕ್ಕಿ ಕೈಗೆ ಬಂದ ಕೂಡಲೇ ನಿಮ್ಮ ಹೆಸರಿನಲ್ಲಿ ಅನಿಮಲ್ ಅಂಡ್ ಪ್ಲಾಂಟ್ ಹೆಲ್ತ್ ಏಜೆನ್ಸಿಯಲ್ಲಿ ನೋಂದಣಿಯಾಗಬೇಕು. ಮಾರುವವರ ಬಳಿ ಮಾರಾಟಕ್ಕೆ ಅನುಮತಿ ಕೊಡುವ ಆರ್ಟಿಕಲ್ 10 ಪ್ರಮಾಣಪತ್ರ ಇರಲೇಬೇಕು. ಅದರಲ್ಲಿರುವ ಸಂಖ್ಯೆಯೂ ಬಳೆಯ ಸಂಖ್ಯೆಯೂ ತಾಳೆಯಾಗದಿದ್ದರೆ ಹಣ ಕೊಡಬೇಡಿ. ಹಕ್ಕಿಜ್ವರದ ಕಾರಣಕ್ಕೆ 2024ರಿಂದ ಒಂದೇ ಹಕ್ಕಿ ಸಾಕುವವರೂ ಹಕ್ಕಿ ಸಾಕಣೆದಾರರಾಗಿ ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು. ಇವೆಲ್ಲಕ್ಕಿಂತ ತಡವಾಗಿ ಸಿಗುವುದು ಬೇಟೆಯಾಡುವ ಜಾಗ. ಸಾರ್ವಜನಿಕ ಕಾಲುದಾರಿ ನಡೆಯಲು ಮಾತ್ರ, ಬೇಟೆಗಲ್ಲ. ಮೊಲದ ಕಾಟವಿರುವ ರೈತರಿಂದ ಬರಹದಲ್ಲಿ ಒಪ್ಪಿಗೆ ಪಡೆದು, ಸಾರ್ವಜನಿಕ ಹೊಣೆಯ ವಿಮೆಯನ್ನೂ ಮಾಡಿಸಿಕೊಂಡ ಮೇಲೆ ಮರಿಯ ಮಾತು.

ಈಗ ವೇಳೆ. ಕೋಳಿಜಾತಿಯ ಹಕ್ಕಿ ಫೆಸೆಂಟ್‌ನ ಬೇಟೆಯ ಋತು ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ. ಮೊಲಕ್ಕೆ ವರ್ಷವಿಡೀ ಅಡ್ಡಿಯಿಲ್ಲ, ಆದರೂ ಹಕ್ಕಿ ಚೆನ್ನಾಗಿ ಹಾರುವುದು ಚಳಿಗಾಲದಲ್ಲೇ. ಡಿಸೆಂಬರ್‌ನಲ್ಲಿ ಲಂಡನ್‌ನಲ್ಲಿ ಎಂಟು ಗಂಟೆಗೆ ಬೆಳಕಾಗಿ ನಾಲ್ಕಕ್ಕೆ ಮೊದಲೇ ಹೊತ್ತು ಮುಳುಗುತ್ತದೆ, ಉತ್ತರಕ್ಕೆ ಹೋದಷ್ಟೂ ಹಗಲು ಇನ್ನೂ ಗಿಡ್ಡ. ಒಂಬತ್ತರಿಂದ ಐದರ ಕೆಲಸವಿರುವವರಿಗೆ ಉಳಿಯುವುದು ಶನಿವಾರ, ಭಾನುವಾರ. ಹ್ಯಾರಿಸ್ ಹಾಕ್ ಎಂಬ ಇನ್ನೊಂದು ಬೇಟೆಗಿಡುಗ ಅದನ್ನು ಸಹಿಸಿಕೊಳ್ಳುತ್ತದೆ. ಗಾಸ್‌ಹಾಕ್ ಐದು ದಿನ ಸುಮ್ಮನೆ ಕೂತರೆ ಆರನೆಯ ದಿನ ನಿಮ್ಮನ್ನು ಅಪರಿಚಿತರಂತೆ ನೋಡುತ್ತದೆ. ವಾರದಲ್ಲಿ ನಾಲ್ಕು ದಿನವಾದರೂ ಹಗಲಲ್ಲಿ ಎರಡು ಗಂಟೆ ಬಿಡುವು ಸಿಗುವ ಕೆಲಸವಿಲ್ಲದಿದ್ದರೆ ಈ ವರ್ಷ ಬೇಡ. ಒಂದು ಚಳಿಗಾಲ ಅನುಭವಿಗಳೊಬ್ಬರ ಜೊತೆ ಹೊಲ ಸುತ್ತಿ. ಬ್ರಿಟಿಷ್ ಫಾಲ್ಕನರ್ಸ್ ಕ್ಲಬ್ 1927ರಿಂದ ಇದೆ, ಅಂಥವರು ಅಲ್ಲಿ ಸಿಗುತ್ತಾರೆ.

ಮರಿಯ ವಿಷಯಕ್ಕೆ ಬರೋಣ. ಇಲ್ಲಿ ‘ಪೇರೆಂಟ್-ರೇರ್ಡ್’ ಎಂದರೆ ಮನುಷ್ಯರು ಕಾಣದ ಮುಚ್ಚುಗೂಡಿನಲ್ಲಿ ತಾಯಿತಂದೆಯೇ ಬೆಳೆಸಿದ ಮರಿ. ‘ಇಂಪ್ರಿಂಟ್’ ಎಂದರೆ ಎರಡು ವಾರದೊಳಗೆ ಗೂಡಿನಿಂದ ತೆಗೆದು ಮನುಷ್ಯರ ನಡುವೆ ಬೆಳೆಸಿದ್ದು. ಇಂಪ್ರಿಂಟ್‌ಗೆ ನಾಯಿ, ಕಾರು, ಜನಜಂಗುಳಿ ಯಾವುದರ ಭಯವೂ ಇಲ್ಲ, ಬೇಗ ಹಾರಾಟಕ್ಕೆ ಬರುತ್ತದೆ. ಹೊಸಬರು ಮಾರುಹೋಗುವುದು ಇದಕ್ಕೇ. ಆದರೆ ಅದು ನಿಮ್ಮನ್ನು ತನ್ನ ಜಾತಿಯೆಂದೇ ತಿಳಿದಿರುತ್ತದೆ. ಆಹಾರ ಬರುವುದು ನಿಮ್ಮ ಕೈಯಿಂದ ಎಂದು ಒಮ್ಮೆ ಗೊತ್ತಾಯಿತೋ, ಹಸಿವಾದಾಗಲೆಲ್ಲ ಕಿರುಚುತ್ತದೆ, ಬೇಟೆಯ ಮೇಲೆ ರೆಕ್ಕೆ ಹರಡಿ ಮುಚ್ಚಿಕೊಳ್ಳುತ್ತದೆ, ಕೊನೆಗೆ ಮುಖಕ್ಕೇ ಎರಗುತ್ತದೆ. ಇದನ್ನು ತಪ್ಪಿಸಲು ಗರಿ ಪೂರ್ತಿ ಬಲಿಯುವವರೆಗೆ, ಸುಮಾರು ಹತ್ತು ಹನ್ನೆರಡು ವಾರ, ತಟ್ಟೆಯಲ್ಲಿ ಸದಾ ಆಹಾರವಿರಬೇಕು, ಅದನ್ನು ಇಡುವ ಕೈ ಮರಿಗೆ ಕಾಣಬಾರದು. ಆಮೇಲೆ ತೂಕವನ್ನು ತೀರಾ ನಿಧಾನವಾಗಿ ಇಳಿಸುತ್ತಾ ಬೇಗನೆ ನಿಜವಾದ ಬೇಟೆಗೆ ಬಿಡಬೇಕು. ಅಷ್ಟೂ ವಾರ ಅದು ದಿನವಿಡೀ ನಿಮ್ಮ ಜೊತೆಗಿರಬೇಕು. ಸಾಲುಮನೆಯಲ್ಲಿ ಇಂಪ್ರಿಂಟ್ ಕಿರುಚತೊಡಗಿದರೆ ಪಕ್ಕದವರು ಕೌನ್ಸಿಲ್‌ಗೆ ದೂರು ಕೊಡುತ್ತಾರೆ, ತಪ್ಪೂ ಅಲ್ಲ.

ಆದ್ದರಿಂದ ನಿಮಗೆ ನನ್ನ ಸಲಹೆ ಪೇರೆಂಟ್-ರೇರ್ಡ್ ಹೆಣ್ಣು. ಗಂಡಿನ ಹಾರುವ ತೂಕ (ಹಸಿದು ಬೇಟೆಗೆ ಸಜ್ಜಾಗಿರುವಾಗಿನ ತೂಕ) ಸುಮಾರು 650ರಿಂದ 800 ಗ್ರಾಂ, ಹೆಣ್ಣಿನದು 900ರಿಂದ 1,200. ಎಪ್ಪತ್ತು ಎಂಬತ್ತು ಗ್ರಾಂ ಲೆಕ್ಕ ತಪ್ಪಿದರೆ ಹೆಣ್ಣು ಸೊರಗುತ್ತದೆ, ಗಂಡು ಸೆಳೆತ ಬಂದು ಸಾಯುತ್ತದೆ. ಗಂಡು ಚುರುಕು, ಆದರೆ ನರನರವೂ ಬಿಗಿ. ಫಿನ್‌ಲೆಂಡ್ ಮೂಲದ ದೈತ್ಯ ಹಕ್ಕಿಗಳ ಮೋಹ ಬೇಡ. ಮೊಲಕ್ಕೂ ಫೆಸೆಂಟ್‌ಗೂ ಮಧ್ಯಮ ಗಾತ್ರ ಸಾಕು.

ಮರಿಗಳು ಹೊರಬರುವುದು ಹೆಚ್ಚಾಗಿ ಮೇ ತಿಂಗಳಲ್ಲಿ. ಜುಲೈ ಕೊನೆಗೋ ಆಗಸ್ಟ್‌ನಲ್ಲೋ ತನ್ನಿ, ಅವಸರ ಬೇಡ. ಬಾಲದ ಗರಿಯ ಬುಡವನ್ನು ಊದಿ ನೋಡಿದರೆ ನೀಲಿಯಾಗಿ ರಕ್ತ ತುಂಬಿದ್ದರೆ ಗರಿ ಇನ್ನೂ ಬೆಳೆಯುತ್ತಿದೆ. ಆಗ ಗೂಡು ಬದಲಿಸಿದರೆ ಆ ಹೆದರಿಕೆಯೇ ಗರಿಯ ಮೇಲೆ ಅಡ್ಡಗೆರೆಯಾಗಿ ಮೂಡಿ, ಚಳಿಗಾಲದಲ್ಲಿ ಅಲ್ಲೇ ಮುರಿಯುತ್ತದೆ. ಮೊದಲೇ ಅಂಥ ಗೆರೆಗಳಿದ್ದರೆ ಮರಿ ಹಸಿವಲ್ಲಿ ಬೆಳೆದಿದೆ ಎಂದರ್ಥ, ಬಿಟ್ಟುಬಿಡಿ. ಕೊಕ್ಕು ಮುಚ್ಚಿಕೊಂಡು ಸದ್ದಿಲ್ಲದೆ ಉಸಿರಾಡಬೇಕು, ಮೂಗಿನ ಹೊಳ್ಳೆ ಸ್ವಚ್ಛವಾಗಿರಬೇಕು, ಪಾದದಡಿ ಊತವಿರಬಾರದು, ಎದೆಮೂಳೆಯ ಎರಡೂ ಕಡೆ ಮಾಂಸ ತುಂಬಿರಬೇಕು, ಹಿಂಬದಿಯ ಗರಿಗೆ ಹಿಕ್ಕೆ ಅಂಟಿರಬಾರದು. ತಾಯಿತಂದೆಗಳನ್ನು ಬೇಟೆಗೆ ಹಾರಿಸಿದ್ದಾರೆಯೇ ಎಂದು ಕೇಳಿ.

ಗೂಡಿಗೆ ತಂತಿಬಲೆ ಬೇಡ. ಗಾಸ್‌ಹಾಕ್ ಬೆದರಿದರೆ ನೇರ ನುಗ್ಗುತ್ತದೆ, ಬಾಲದ ಗರಿ ಒಂದೇ ದಿನದಲ್ಲಿ ಪುಡಿ. ಮೂರು ಕಡೆ ಗೋಡೆ, ಮುಂದೆ ನಯವಾದ ಲಂಬ ಸರಳುಗಳು, ಕೂರುವ ಕೋಲಿಗೆ ಕೃತಕ ಹುಲ್ಲಿನ ಹೊದಿಕೆ. ನೆಲಕ್ಕೆ ಒಣಹುಲ್ಲು ಖಂಡಿತ ಬೇಡ: ಬೂಸ್ಟು ಹಿಡಿದ ಹುಲ್ಲಿನಿಂದಲೇ ಆಸ್ಪರ್‌ಜಿಲೋಸಿಸ್ ಎಂಬ ಉಸಿರಾಟದ ಬೂಸ್ಟುರೋಗ ಬರುವುದು, ಗಾಸ್‌ಹಾಕ್ ಅದಕ್ಕೆ ಬೇಗ ತುತ್ತಾಗುತ್ತದೆ. ದನಿ ಬದಲಾಗುವುದು, ಏದುಸಿರು, ಹಸಿರು ಹಿಕ್ಕೆ ಇದರ ಗುರುತು, ಆದರೆ ಗುರುತು ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಸ್ಥಳ ಬದಲಾವಣೆಯ ಒತ್ತಡದಲ್ಲೇ ಇದು ತಲೆಯೆತ್ತುವುದರಿಂದ ಹಕ್ಕಿವೈದ್ಯರ ಸಲಹೆಯಂತೆ ಮರಿ ತರುವ ದಿನದಿಂದಲೇ ಬೂಸ್ಟು ತಡೆಯುವ ಔಷಧ ಇಟ್ರಕೊನಜೋಲ್ ಕೊಡುವ ರೂಢಿಯಿದೆ. ಆ ವೈದ್ಯರನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ನಾಯಿಬೆಕ್ಕಿನ ಕ್ಲಿನಿಕ್ಕುಗಳಲ್ಲಿ ಗಿಡುಗ ಬಲ್ಲವರು ಅಪರೂಪ. ಮನೆ ಬಾಡಿಗೆಯದಾದರೆ ಗೂಡಿಗೂ ಹಕ್ಕಿಗೂ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ. ಒಂದು ದಿನದ ಕೋಳಿಮರಿ, ಕ್ವೇಲ್, ಮೊಲದ ಮಾಂಸಕ್ಕೆ ಬೇರೆಯೇ ಫ್ರೀಜರ್ ಇಡಿ. ಮನೆಯಲ್ಲಿ ಸಸ್ಯಾಹಾರಿಗಳಿದ್ದರೆ ಈ ಮಾತನ್ನು ಹಕ್ಕಿ ಕೊಳ್ಳುವ ಮುಂಚೆಯೇ ಆಡಿ ಮುಗಿಸಿ.

ಮನೆಗೆ ಬಂದ ದಿನವೇ ತೂಗಿ. ತಕ್ಕಡಿ ಒಂದು ಗ್ರಾಂವರೆಗೆ ತೋರಿಸಬೇಕು. ಕಾಲಿಗೆ ಜೆಸ್ ಎಂಬ ತೊಗಲಿನ ಪಟ್ಟಿ, ಬಾಲಕ್ಕೆ ಗಂಟೆ ಕಟ್ಟಿ, ಸಂಜೆಯ ಮಬ್ಬು ಬೆಳಕಿನಲ್ಲಿ ಕೈಗವಸಿನ ಮೇಲೆ ಕೂರಿಸಿಕೊಂಡು ಕಾಲಬುಡದಲ್ಲಿ ಮಾಂಸದ ತುಂಡು ಇಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಮೊದಲ ದಿನ ತಿನ್ನದಿದ್ದರೆ ಗಾಬರಿ ಬೇಡ. ದಪ್ಪಗಿದ್ದಾಗಿನ ತೂಕ 1,200 ಗ್ರಾಂ ಎಂದುಕೊಂಡರೆ ಹಾರುವ ತೂಕ ಹತ್ತರಿಂದ ಹದಿನೈದು ಪ್ರತಿಶತ ಕಡಿಮೆ ಇರಬಹುದು. ದಿನಕ್ಕೆ ಹತ್ತು ಹದಿನೈದು ಗ್ರಾಂಗಿಂತ ಹೆಚ್ಚು ಇಳಿಸಬೇಡಿ. ತಕ್ಕಡಿಯನ್ನಷ್ಟೇ ನಂಬದೆ ದಿನವೂ ಎದೆಮೂಳೆ ಮುಟ್ಟಿ ನೋಡಿ. ಗವಸಿನ ಮೇಲೆ ತಿನ್ನುವುದು, ಕೋಲಿನಿಂದ ಗವಸಿಗೆ ಹೆಜ್ಜೆಯಿಡುವುದು, ಒಂದು ಮೀಟರ್ ಜಿಗಿಯುವುದು, ಆಮೇಲೆ ಕ್ರಿಯಾನ್ಸ್ ಎಂಬ ಉದ್ದ ದಾರದಲ್ಲಿ ಹತ್ತು, ಮೂವತ್ತು, ಐವತ್ತು ಮೀಟರ್. ಐವತ್ತರಿಂದ ಕರೆದ ಕೂಡಲೇ ಎರಡು ಮೂರು ದಿನ ಬಿಡದೆ ಬಂದರೆ ದಾರ ಬಿಚ್ಚಬಹುದು, ಹಕ್ಕಿ ಎಲ್ಲಿದೆಯೆಂದು ಹುಡುಕಲು ನೆರವಾಗುವ ಟೆಲಿಮೆಟ್ರಿ ಸಾಧನ ಕಟ್ಟಿದ ಮೇಲೆಯೇ. ಹಿಂದಿನ ಊಟದ ಗರಿ ಮೂಳೆಯ ಉಂಡೆಯನ್ನು ಕಕ್ಕುವ ಮುಂಚೆ ಹೊಸ ಊಟ ಹಾಕಬೇಡಿ.

ಇಲ್ಲಿ ಬಹಳ ಜನ ಸೋಲುವ ಜಾಗ ಬೇರೆ. ಹಾರತೊಡಗಿದ ಮೇಲೆ ಸ್ನಾಯು ಬಲಿಯುತ್ತದೆ, ಸ್ನಾಯುವಿಗೆ ತೂಕವಿದೆ. ಆಗಸ್ಟ್‌ನ 1,040 ಗ್ರಾಂ ಹಕ್ಕಿಯನ್ನು ನವೆಂಬರ್‌ನಲ್ಲೂ 1,040ರಲ್ಲೇ ಹಿಡಿದಿಟ್ಟರೆ ಅದು ಉಪವಾಸ. ಚಳಿ ಹೆಚ್ಚಾದಂತೆಯೂ ತೂಕ ಏರಿಸಬೇಕು. ಹಕ್ಕಿ ಕೈಗೆ ಬಂದರೂ ಬೇಟೆಯನ್ನು ಬೆನ್ನಟ್ಟದೆ ಮರದಲ್ಲಿ ಕೂತರೆ ಮೊದಲ ಅನುಮಾನ ತೂಕ ಹೆಚ್ಚಾಗಿದೆ ಎಂದಲ್ಲ, ಶಕ್ತಿ ಸಾಲದು ಎಂದಿರಲಿ. ಕೋವಿಯಿಂದ ಹೊಡೆದ ಮೊಲ, ಪಾರಿವಾಳ ಹಾಕಬೇಡಿ. ಸೀಸದ ಒಂದು ಕಾಳು ಹಕ್ಕಿಯನ್ನು ಕೊಲ್ಲಬಲ್ಲದು. ಪಾರಿವಾಳದಿಂದ ಗಂಟಲಿನ ಫ್ರೌನ್ಸ್ ಕಾಯಿಲೆ ಬೇರೆ.

ಊರಿಗೆ ಹೋಗುವುದನ್ನೂ ಹಕ್ಕಿಯ ಲೆಕ್ಕದಲ್ಲೇ ಹಾಕಿಕೊಳ್ಳಬೇಕು. ಡಿಸೆಂಬರ್‌ನಲ್ಲಿ ಮೂರು ವಾರ ಹೋಗಿಬಂದರೆ ಆ ಋತು ಮುಗಿದಂತೆಯೇ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹಕ್ಕಿ ಗರಿ ಬಿಡುತ್ತದೆ. ಆಗ ಅದನ್ನು ಗೂಡಿನಲ್ಲಿ ಬಿಟ್ಟು ಹೊಟ್ಟೆತುಂಬ ತಿನ್ನಿಸುವುದಷ್ಟೇ ಕೆಲಸ, ನಂಬಿಕಸ್ತರು ಕಿಂಡಿಯಿಂದ ದಿನಕ್ಕೊಮ್ಮೆ ಮಾಂಸ ಹಾಕಿ ಸ್ನಾನದ ನೀರು ಬದಲಿಸಿದರೆ ಸಾಕು. ಟಿಕೆಟ್ ಜೂನ್‌ಗೆ ತೆಗೆಯಿರಿ.