ಓದುಗರ ಪ್ರಶ್ನೆ: ಮೊಸರನ್ನದ ಒಗ್ಗರಣೆಯಲ್ಲಿ ಏನು ತಪ್ಪು?

ಪ್ರಶ್ನೆ: ಮಗನ ಸಹೋದ್ಯೋಗಿಯ ಮನೆಯವರು ಜೈನರು. ಭಾನುವಾರ ರಾತ್ರಿ ಊಟಕ್ಕೆ ಕರೆದಿದ್ದೇವೆ. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟರೆ ಸಾಕಲ್ಲವೇ? – ಓದುಗರು, ವಿಜಯನಗರ

ಸಾಲದು. ಮೊದಲು ಹೊತ್ತು ನೋಡಿ, ತರಕಾರಿ ಆಮೇಲೆ. ರಾತ್ರಿಭೋಜನ ಬಿಟ್ಟವರು ಸೂರ್ಯ ಮುಳುಗುವಷ್ಟರಲ್ಲಿ ಎಲೆಯಿಂದ ಎದ್ದಿರಬೇಕು. ಬೆಂಗಳೂರಿನಲ್ಲಿ ಡಿಸೆಂಬರ್ ಮೊದಲ ವಾರ ಸಂಜೆ 6ಕ್ಕೆ ಮುಂಚೆಯೇ ಹೊತ್ತು ಮುಳುಗುತ್ತದೆ; ಜುಲೈಯಲ್ಲಿ 6.45 ದಾಟುತ್ತದೆ. ಇಲ್ಲಿನ ಟ್ರಾಫಿಕ್ ನೆಚ್ಚಿಕೊಂಡು ಸಂಜೆಗೆ ಕರೆಯುವ ಬದಲು ಮಧ್ಯಾಹ್ನಕ್ಕೆ ಕರೆಯಿರಿ, ಇಬ್ಬರಿಗೂ ನಿರಾಳ.

ಈರುಳ್ಳಿ, ಬೆಳ್ಳುಳ್ಳಿಯ ಜೊತೆಗೆ ಆಲೂಗಡ್ಡೆ, ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್, ಗೆಣಸು, ಹಸಿಶುಂಠಿ ಎಲ್ಲವೂ ಹೊರಗೆ. ತೊಂಡೆಕಾಯಿಯಂಥದ್ದರಲ್ಲಿ ಒಂದು ಶರೀರಕ್ಕೆ ಒಂದು ಜೀವ. ಗೆಡ್ಡೆಯಲ್ಲಿ ಒಂದೇ ಶರೀರವನ್ನು ಅನಂತ ಜೀವಗಳು ಹಂಚಿಕೊಂಡಿರುತ್ತವೆ ಎಂಬುದು ಜೈನಶಾಸ್ತ್ರದ ಲೆಕ್ಕ. ಅದಕ್ಕೇ ಗೆಡ್ಡೆಗೆ ಅನಂತಕಾಯ ಎಂಬ ಹೆಸರು. ಒಣಶುಂಠಿ, ಒಣ ಅರಿಸಿನಕ್ಕೆ ಅಡ್ಡಿಯಿಲ್ಲ. ಬದನೆ, ಹೂಕೋಸನ್ನೂ ಅನೇಕರು ಮುಟ್ಟುವುದಿಲ್ಲ. ಸೋರೆ, ಹೀರೆ, ಪಡವಲ, ಬೂದುಗುಂಬಳ, ಬಾಳೆಕಾಯಿ ಇಟ್ಟುಕೊಂಡರೆ ನಿಶ್ಚಿಂತೆ. ಜೇನುತುಪ್ಪ ಬೇಡವೇ ಬೇಡ. ಮದ್ಯ, ಮಾಂಸದ ಜೊತೆ ಸೇರಿಸಿಯೇ ಅದನ್ನು ನಿಷೇಧಿಸಿದ್ದಾರೆ. ಫ್ರೂಟ್ ಸಲಾಡ್ ಮಾಡುವವರು ಮರೆಯುವುದು ಇದನ್ನೇ.

ಎಲ್ಲರೂ ಎಡವುವ ಜಾಗ ಮೊಸರು. ಎರಡು ಹೋಳಾಗುವ ಕಾಳು ಹಸಿ ಮೊಸರು, ಮಜ್ಜಿಗೆಯೊಡನೆ ಕೂಡಿ ಬಾಯಿಯ ಜೊಲ್ಲು ತಾಗಿದರೆ ಸೂಕ್ಷ್ಮಜೀವ ಹುಟ್ಟುತ್ತವೆ ಎಂದು ನಂಬಿಕೆ. ಇದಕ್ಕೆ ದ್ವಿದಳ ದೋಷ ಎನ್ನುತ್ತಾರೆ. ಮೊಸರುವಡೆ ಹೋಯಿತು. ಕಡಲೆಬೇಳೆ ರುಬ್ಬಿ ಹಾಕುವ ನಮ್ಮ ಮಜ್ಜಿಗೆಹುಳಿಯೂ ಹೋಯಿತು. ಅದರ ಬದಲು ಒಂದು ಚಮಚ ಅಕ್ಕಿ ನೆನೆಹಾಕಿ ತೆಂಗಿನಕಾಯಿಯೊಡನೆ ರುಬ್ಬಿದರೆ ಅಷ್ಟೇ ಮಂದವಾಗುತ್ತದೆ. ಮೊಸರನ್ನಕ್ಕೆ ಉದ್ದಿನಬೇಳೆ, ಕಡಲೆಬೇಳೆ ಬಿಟ್ಟು ಸಾಸಿವೆ, ಜೀರಿಗೆ, ಕರಿಬೇವಷ್ಟೇ ಒಗ್ಗರಣೆ ಹಾಕಿ. ತೊವ್ವೆ ಕಲಸಿದ ಎಲೆಗೆ ಮೊಸರು ಬಡಿಸುವ ಮುನ್ನ ಒಂದು ಮಾತು ಕೇಳಿ.

ಕಟ್ಟುನಿಟ್ಟಿನವರಾದರೆ ಹಿಟ್ಟಿಗೂ ಗಡುವುಂಟು: ಬೀಸಿದ ಮೇಲೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7. ರಾತ್ರಿಯಿಡೀ ಹುಳಿ ಬಂದ ದೋಸೆಹಿಟ್ಟು, ವರ್ಷದ ಉಪ್ಪಿನಕಾಯಿ ಅವರಿಗೆ ಆಗದು. ಎಲ್ಲ ಜೈನರೂ ಇಷ್ಟನ್ನು ಪಾಲಿಸುವುದಿಲ್ಲ. ಆದ್ದರಿಂದ ಫೋನ್ ಮಾಡಿ, "ನಿಮ್ಮಲ್ಲಿ ಏನೇನು ತ್ಯಾಗವಿದೆ?" ಎಂದು ಕೇಳಿಬಿಡಿ. ಬೇಸರಿಸುವುದಿರಲಿ, ಸಂತೋಷಪಡುತ್ತಾರೆ.

ಪ್ರಶ್ನೆ: ಹೋಟೆಲಿನ 'ಜೈನ್ ಮಸಾಲೆ ದೋಸೆ' ನಂಬಬಹುದೇ? – ಓದುಗರು, ಜಯನಗರ

ಪಲ್ಯದ ಮಟ್ಟಿಗೆ ನಂಬಬಹುದು. ಆಲೂಗಡ್ಡೆಯ ಬದಲು ಬಾಳೆಕಾಯಿ ಹಾಕಿರುತ್ತಾರೆ. ಆದರೆ ಹಿಟ್ಟು ನಿನ್ನೆಯದು, ಕಾವಲಿ ಈರುಳ್ಳಿ ದೋಸೆಯದ್ದೇ, ಪಕ್ಕದ ಸಾಂಬಾರಿನಲ್ಲಿ ಈರುಳ್ಳಿ ತೇಲುತ್ತಿರುತ್ತದೆ. ಕೆಂಪು ಚಟ್ನಿಯಲ್ಲಿ ಬೆಳ್ಳುಳ್ಳಿ ಇದೆಯೇ ಎಂದು ಬೇರೆಯಾಗಿ ಕೇಳಬೇಕು.

ಪ್ರಶ್ನೆ: ಮನೆಯಲ್ಲಿ ಆರ್‌ಓ ಯಂತ್ರ ಇದ್ದರೂ ನಮ್ಮ ಬಾಡಿಗೆದಾರರು ನಲ್ಲಿಗೆ ಬಟ್ಟೆ ಕಟ್ಟುತ್ತಾರೆ. ಏಕೆ? – ಓದುಗರು, ಬಸವನಗುಡಿ

ಯಂತ್ರ ಕಾಯುವುದು ಕುಡಿಯುವವರ ಹೊಟ್ಟೆಯನ್ನು, ಬಟ್ಟೆ ಕಾಯುವುದು ನೀರಿನಲ್ಲಿರುವ ಜೀವವನ್ನು. ಬಟ್ಟೆ 36 ಅಂಗುಲ ಉದ್ದ, 24 ಅಂಗುಲ ಅಗಲದ್ದು, ದಪ್ಪನೆಯದು, ಎರಡು ಪದರ ಮಾಡಿದ್ದು ಇರಬೇಕೆಂದು ವಿಧಿ. ಸೋಸಿದ ಮೇಲೆ ಬಟ್ಟೆಯನ್ನು ಮಗುಚಿ, ಸೋಸಿದ ನೀರನ್ನೇ ಮೇಲೆ ಸುರಿದು, ಉಳಿದ ಜೀವಗಳನ್ನು ಬಂದ ನೀರಿಗೇ ಮರಳಿಸಬೇಕು. ಬಾವಿಯಿದ್ದ ಊರಿನಲ್ಲಿ ಇದು ಸಲೀಸು. ಕಾವೇರಿ ನೀರು ಕೊಳವೆಯಲ್ಲಿ ಬರುವ ಮೂರನೇ ಮಹಡಿಯಲ್ಲಿ ಪೂರ್ತಿ ಪಾಲಿಸುವುದು ಕಷ್ಟ. ಹೀಗೆ ಸೋಸಿದ ನೀರಿಗೆ 48 ನಿಮಿಷದ ಆಯುಸ್ಸು. ಲವಂಗ ಹಾಕಿ ಪ್ರಾಸುಕ (ಜೀವರಹಿತ) ಮಾಡಿದರೆ 6 ಗಂಟೆ, ಚೆನ್ನಾಗಿ ಕುದಿಸಿದರೆ 24 ಗಂಟೆ ಎಂಬುದು ದಿಗಂಬರರ ರೂಢಿ. ಸಾಮಾನ್ಯ ತಪ್ಪೆಂದರೆ ಬಟ್ಟೆಯನ್ನು ವಾರಗಟ್ಟಲೆ ನಲ್ಲಿಯಲ್ಲೇ ಒದ್ದೆಯಾಗಿ ಬಿಡುವುದು. ಆಗ ಬಟ್ಟೆಯೇ ಜೀವೋತ್ಪತ್ತಿಯ ತಾಣ. ಪ್ರತಿಸಲ ಬಿಚ್ಚಿ ಒಣಗಿಸಬೇಕು.

ಪ್ರಶ್ನೆ: ಜೈನಧರ್ಮ ಸ್ಥಾಪಿಸಿದವರು ಮಹಾವೀರರೇ? – ವಿದ್ಯಾರ್ಥಿನಿ, ಯಲಹಂಕ

ಜೈನರ ಪ್ರಕಾರ ಅಲ್ಲ. ಅವರು 24ನೆಯ ತೀರ್ಥಂಕರರು, ಅಂದರೆ ಧರ್ಮದ ದಾರಿ ತೋರಿದ ಮಹಾಗುರುಗಳಲ್ಲಿ ಕೊನೆಯವರು. ಮೊದಲನೆಯವರು ಋಷಭನಾಥ ಅಥವಾ ಆದಿನಾಥ. 23ನೆಯವರಾದ ಪಾರ್ಶ್ವನಾಥರು ಮಹಾವೀರರಿಗಿಂತ ಸುಮಾರು 250 ವರ್ಷ ಹಿಂದಿನವರೆಂದು ಪರಂಪರೆ. ವರ್ಧಮಾನ ಮಹಾವೀರರ ಕಾಲ ಸಾಂಪ್ರದಾಯಿಕವಾಗಿ ಕ್ರಿ.ಪೂ. 599–527. ಪಾವಾಪುರಿಯಲ್ಲಿ ಅವರು ನಿರ್ವಾಣ ಹೊಂದಿದ ದಿನವೇ ಜೈನರ ದೀಪಾವಳಿ. ಪರೀಕ್ಷೆಯಲ್ಲಿ 'ಸ್ಥಾಪಕ' ಎಂದು ಬರೆಯಬೇಡಿ, '24ನೆಯ ತೀರ್ಥಂಕರ' ಎಂದು ಬರೆಯಿರಿ.

ಪ್ರಶ್ನೆ: ಬಸದಿಯ ಮೂರ್ತಿಗಳೆಲ್ಲ ಒಂದೇ ಥರ ಕಾಣುತ್ತವೆ. ಯಾರು ಯಾರೆಂದು ಗುರುತಿಸುವುದು ಹೇಗೆ? – ಓದುಗರು, ರಾಜಾಜಿನಗರ

ಮುಖ ನೋಡಿ ಫಲವಿಲ್ಲ, ಪೀಠ ನೋಡಿ. ಎತ್ತು ಇದ್ದರೆ ಆದಿನಾಥ, ಅರ್ಧಚಂದ್ರ ಚಂದ್ರಪ್ರಭ, ಜಿಂಕೆ ಶಾಂತಿನಾಥ, ಶಂಖ ನೇಮಿನಾಥ, ಸಿಂಹ ಮಹಾವೀರ. ತಲೆಯ ಮೇಲೆ ಹೆಡೆ ಇದ್ದರೆ ಸಾಮಾನ್ಯವಾಗಿ ಪಾರ್ಶ್ವನಾಥ. ಆದರೆ 7ನೆಯ ಸುಪಾರ್ಶ್ವನಾಥರಿಗೂ ಹೆಡೆ ಕಡೆಯುವುದುಂಟು; ಅವರ ಲಾಂಛನ ಸ್ವಸ್ತಿಕ. ಹೆಡೆಯ ಕೆಳಗೆ ಆಭರಣ ತೊಟ್ಟ ಸ್ತ್ರೀಮೂರ್ತಿ ಕಂಡರೆ ಅದು ಪಾರ್ಶ್ವನಾಥರ ಸೇವೆಯ ದೇವತೆ, ಯಕ್ಷಿ ಪದ್ಮಾವತಿ. ಕಾಲು, ತೋಳುಗಳಿಗೆ ಬಳ್ಳಿ ಹಬ್ಬಿದ್ದರೆ ಬಾಹುಬಲಿ. ಆತ ಆದಿನಾಥರ ಮಗ, ತೀರ್ಥಂಕರರಲ್ಲ. ಶ್ರವಣಬೆಳಗೊಳಕ್ಕೆ ಹೋಗಿ 'ಗೊಮ್ಮಟ ತೀರ್ಥಂಕರ' ಎನ್ನುವವರು ಈಗಲೂ ಇದ್ದಾರೆ.

ಪ್ರಶ್ನೆ: ಸಲ್ಲೇಖನ, ಅಂದರೆ ಉಪವಾಸವಿದ್ದು ದೇಹ ಬಿಡುವ ವ್ರತ, ಆತ್ಮಹತ್ಯೆಯೇ ಅಲ್ಲವೇ? – ಓದುಗರು, ಮಲ್ಲೇಶ್ವರ

ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್‌ನಲ್ಲಿ ಹಾಗೆಂದೇ ತೀರ್ಪಿತ್ತಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಶಾಸ್ತ್ರದ ಮಾತು ಬೇರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಎಂಬ ಗ್ರಂಥ ನಾಲ್ಕೇ ಸಂದರ್ಭ ಹೇಳುತ್ತದೆ: ಪರಿಹಾರವಿಲ್ಲದ ಉಪಸರ್ಗ (ಆಪತ್ತು), ಬರಗಾಲ, ಮುಪ್ಪು, ರೋಗ. ಘನ ಆಹಾರ ಬಿಟ್ಟು ಹಾಲಿನಂಥ ಪಾನಕ್ಕೆ, ಅದನ್ನೂ ಬಿಟ್ಟು ಗಂಜಿ, ಬಿಸಿನೀರಿಗೆ, ಕಡೆಗೆ ಉಪವಾಸಕ್ಕೆ, ಹೀಗೆ ಹಂತಹಂತವಾಗಿ ಇಳಿಯಬೇಕು. ವೈರ, ಮೋಹ ಬಿಟ್ಟು ಎಲ್ಲರ ಕ್ಷಮೆ ಕೇಳುವುದು ಅದಕ್ಕೂ ಮೊದಲು. ವ್ರತ ಕೆಡಿಸುವ ಐದು ದೋಷಗಳಲ್ಲಿ ಬದುಕಬೇಕೆಂಬ ಆಸೆ ಒಂದು, ಬೇಗ ಸಾಯಬೇಕೆಂಬ ಆಸೆ ಇನ್ನೊಂದು. ನೊಂದು ಸಾವನ್ನು ಹುಡುಕುವವರಿಗೆ ಈ ವ್ರತ ಸಲ್ಲುವುದಿಲ್ಲ.